ಕಲಾಶಾಲೆಯ ಬೀಗದ ಕೈ ಯಾರ ಹತ್ತಿರ?

ಮಕ್ಕಳೇ, ನಿಮ್ಮಲ್ಲಿ ಅನೇಕರು ಲೋವರ್ ಗ್ರೇಡ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ಕುಳಿತಿರಬಹುದು. ಮುಂದೆಯೂ ಚಿತ್ರಕಲೆಯನ್ನೇ ಓದಬೇಕು ಎಂಬ ಆಸೆ ಕೆಲವರಿಗಾದರೂ ಇದ್ದೀತು. ಆ ಆಸೆಯನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳಿದರೆ ಎರಡು ಪ್ರಶ್ನೆಗಳು ಬರುತ್ತವೆ. ಮೊದಲನೆಯದು, ‘ಓದಿದ ಮೇಲೆ ಕೆಲಸ ಸಿಗುತ್ತದೆಯೇ?’ ಎರಡನೆಯದು, ‘ಚಿತ್ರ ಬರೆಯಲು ಕಾಲೇಜು ಯಾಕೆ? ಬಣ್ಣ, ಬ್ರಷ್ಷು, ಹಾಳೆ ತಂದುಕೊಡುತ್ತೇವೆ, ಮನೆಯಲ್ಲೇ ಬರಿ.’

ನಮ್ಮ ಮನೆಯಲ್ಲಿ ಈ ಎರಡನೆಯ ಪ್ರಶ್ನೆ ಕೇಳಿದವನು ನನ್ನ ಮಗ. ಕೇಳಿಸಿಕೊಂಡವಳು ಪಿಯುಸಿ ಮುಗಿಸಿದ್ದ ನನ್ನ ಮೊಮ್ಮಗಳು. ಪ್ರಶ್ನೆ ನ್ಯಾಯವಾದದ್ದೇ. ದೃಶ್ಯಕಲಾ ಪದವಿ ಎಂದರೆ ನಾಲ್ಕು ವರ್ಷ. ಅಷ್ಟು ವರ್ಷ ಕಟ್ಟುವ ಹಣಕ್ಕೆ ಮನೆಯಲ್ಲಿ ಸಿಗದಂಥದ್ದು ಅಲ್ಲಿ ಏನು ಸಿಗುತ್ತದೆ? ‘ತಾತ ಹೋಗಿ ನೋಡಿಕೊಂಡು ಬರಲಿ’ ಎಂದು ತೀರ್ಮಾನವಾಯಿತು. ನಿವೃತ್ತರಿಗೆ ಕೆಲಸಗಳು ಹೀಗೆಯೇ ಬರುತ್ತವೆ.

ನಾನು ಓದಿದ್ದು ಬಿ.ಕಾಂ. ಚಿತ್ರ ಚೆನ್ನಾಗಿದೆಯೋ ಇಲ್ಲವೋ ಎಂದು ತೀರ್ಪು ಕೊಡುವ ಯೋಗ್ಯತೆ ನನಗಿಲ್ಲ. ಆದರೆ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ, ಸಾಲದಲ್ಲಿ ಕೊಂಡ ಯಂತ್ರಗಳನ್ನು ನೋಡಲು ಅಧಿಕಾರಿಗಳು ಹೊರಟರೆ ರಿಜಿಸ್ಟರ್ ಹಿಡಿದುಕೊಂಡು ನಾನೂ ಹೋಗುತ್ತಿದ್ದೆ. ಅಲ್ಲಿ ಕಲಿತ ಪಾಠ ಒಂದೇ. ಯಂತ್ರ ಇದೆಯೇ ಎಂದು ನೋಡುವುದು ಅರ್ಧ ಕೆಲಸ, ಅದು ಓಡುತ್ತಿದೆಯೇ ಎಂದು ನೋಡುವುದು ಉಳಿದರ್ಧ. ಹಿಡಿಕೆಯ ಮೇಲಿನ ದೂಳು ಮಾಲೀಕನಿಗಿಂತ ಮೊದಲೇ ಉತ್ತರ ಕೊಟ್ಟುಬಿಡುತ್ತಿತ್ತು. ಅದೇ ಕಣ್ಣಿನಿಂದ ನಾಲ್ಕಾರು ಕಲಾಶಾಲೆಗಳನ್ನು ಸುತ್ತಿ ಬಂದೆ.

ಉತ್ತರದ ಕಿಟಕಿ

ಚಿತ್ರಕಲೆಯ ಸ್ಟುಡಿಯೋಗೆ ಹೋದರೆ ಮೊದಲು ಕಿಟಕಿ ಯಾವ ದಿಕ್ಕಿಗಿದೆ ನೋಡಿ. ಪೂರ್ವಕ್ಕಿದ್ದರೆ ಬೆಳಗ್ಗೆ ಬಿಸಿಲು ಒಳಗೇ ಬರುತ್ತದೆ, ಪಶ್ಚಿಮಕ್ಕಿದ್ದರೆ ಸಂಜೆ. ಮೇಜಿನ ಮೇಲಿಟ್ಟ ಹೂಜಿಯ ನೆರಳು ಗಂಟೆಗಂಟೆಗೂ ಜಾಗ ಬದಲಿಸಿದರೆ ಬರೆಯುವವರ ಗತಿಯೇನು? ಅದಕ್ಕೇ ಹಿಂದಿನಿಂದಲೂ ಕಲಾವಿದರು ಉತ್ತರದ ಬೆಳಕನ್ನು ಹುಡುಕುತ್ತಾರೆ. ಅದು ನೇರ ಬಿಸಿಲಲ್ಲ, ಆಕಾಶದಿಂದ ಬರುವ ತಣ್ಣನೆಯ ಬೆಳಕು. ನಮ್ಮ ಕಡೆ ಇದಕ್ಕೂ ಒಂದು ತಿದ್ದುಪಡಿ ಬೇಕು. ಮೇ, ಜೂನ್ ತಿಂಗಳಲ್ಲಿ ನಡುಹಗಲಿನ ಸೂರ್ಯ ನಮ್ಮ ನೆತ್ತಿಗಿಂತ ತುಸು ಉತ್ತರಕ್ಕೇ ಇರುತ್ತಾನೆ. ಆದ್ದರಿಂದ ಉತ್ತರದ ಕಿಟಕಿಗೂ ಅಗಲವಾದ ಸಜ್ಜಾ ಬೇಕು.

ಇಂಥ ಕೋಣೆಯಲ್ಲಿ ಆಳೆತ್ತರದ ಕ್ಯಾನ್ವಾಸನ್ನು ಈಸೆಲ್ ಮೇಲೆ ನಿಲ್ಲಿಸಿ, ಹತ್ತು ಹೆಜ್ಜೆ ಹಿಂದೆ ಸರಿದು ನೋಡಬಹುದು. ಸಂಜೆ ಹಾಗೇ ಬಿಟ್ಟುಹೋದರೆ ಬೆಳಗ್ಗೆ ಅಲ್ಲೇ ಇರುತ್ತದೆ. ಎಣ್ಣೆಬಣ್ಣ ಒಣಗಲು ದಿನಗಟ್ಟಲೆ ಬೇಕು. ನಮ್ಮ ಮನೆಯ ಹಜಾರದಲ್ಲಿ ಹತ್ತು ಹೆಜ್ಜೆ ಹಿಂದೆ ಸರಿದರೆ ಅಡುಗೆಮನೆಯ ಬಾಗಿಲು ಬೆನ್ನಿಗೆ ತಾಗುತ್ತದೆ.

ಕಲ್ಲು, ತಾಮ್ರ, ಮಸಿ

ಅಜ್ಜಿಯರೇ, ನಿಮ್ಮ ತವರಿನ ದೇವರಮನೆಯಲ್ಲಿ ರವಿವರ್ಮ ಪ್ರೆಸ್ಸಿನ ಲಕ್ಷ್ಮಿಯದೋ ಸರಸ್ವತಿಯದೋ ಪಟ ಇತ್ತೇ? ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಆ ಮುದ್ರಣಾಲಯದ ಚಿತ್ರಗಳು ಮುದ್ರಣವಾದದ್ದು ಕಲ್ಲಿನಿಂದ. ಅದನ್ನು ಕಲ್ಲಚ್ಚು ಅಥವಾ ಲಿಥೋಗ್ರಫಿ ಎನ್ನುತ್ತಾರೆ. ನಯವಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆದು, ಅದನ್ನು ಹದಮಾಡಿ, ಕಲ್ಲಿಗೆ ನೀರು ಸವರುತ್ತಾರೆ. ಜಿಡ್ಡಿದ್ದ ಕಡೆ ನೀರು ನಿಲ್ಲದು, ನೀರಿದ್ದ ಕಡೆ ಎಣ್ಣೆಯ ಮಸಿ ಹತ್ತದು. ಹೀಗಾಗಿ ಮಸಿ ಚಿತ್ರಕ್ಕೆ ಮಾತ್ರ ಅಂಟಿ ಕಾಗದಕ್ಕೆ ಬರುತ್ತದೆ. ಎಣ್ಣೆಗೂ ನೀರಿಗೂ ಆಗದು ಎಂಬ ಅಡುಗೆಮನೆಯ ಸತ್ಯವೇ ಇಲ್ಲಿನ ಗುಟ್ಟು. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು ಬೇಕು. ಕಲ್ಲು ಹೊರಲು ತೋಳಿನಲ್ಲಿ ಶಕ್ತಿಯೂ ಬೇಕು.

ಪಕ್ಕದಲ್ಲೇ ಎಚಿಂಗ್ ಪ್ರೆಸ್ ಇರುತ್ತದೆ. ಎರಡು ಉರುಳೆಗಳ ನಡುವೆ ಹಲಗೆ ಹಾಯುವ ಈ ಯಂತ್ರ ಕಬ್ಬಿನ ರಸದ ಗಾಣದ ನೆಂಟನಂತೆ ಕಾಣುತ್ತದೆ. ತಾಮ್ರ ಅಥವಾ ಸತುವಿನ ತಗಡಿಗೆ ಮೇಣದಂಥ ಲೇಪ ಹಚ್ಚಿ, ಸೂಜಿಯಿಂದ ಚಿತ್ರ ಗೀರಿ, ಆಮ್ಲದಲ್ಲಿ ಇಡುತ್ತಾರೆ. ಗೀರಿದ ಕಡೆ ಮಾತ್ರ ಲೋಹ ಕರಗಿ ಗೆರೆ ತಗ್ಗಾಗುತ್ತದೆ. ಆ ತಗ್ಗಿಗೆ ಮಸಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಕಾಗದ ಹೊದಿಸಿ ಪ್ರೆಸ್ಸಿನಲ್ಲಿ ಒತ್ತುತ್ತಾರೆ. ಆಮ್ಲದ ಹೊಗೆ ಹೊರಹೋಗಲು ಎಕ್ಸಾಸ್ಟ್ ಫ್ಯಾನ್, ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲೇಬೇಕು. ಮಕ್ಕಳೇ, ಇದು ಮನೆಯಲ್ಲಿ ಮಾಡಿ ನೋಡುವ ಕೆಲಸವಲ್ಲ.

ಇಂಥ ಕೋಣೆಗಳ ಇನ್ನೊಂದು ಲಾಭವನ್ನು ಕೃಷ್ಣಾ ರೆಡ್ಡಿಯವರ ಬದುಕು ಹೇಳುತ್ತದೆ. 1925ರಲ್ಲಿ ಆಂಧ್ರದ ಹಳ್ಳಿಯೊಂದರಲ್ಲಿ ಹುಟ್ಟಿ, ಶಾಂತಿನಿಕೇತನದಲ್ಲಿ ಕಲಿತ ಅವರು ಪ್ಯಾರಿಸ್ಸಿನ ‘ಅಟೆಲಿಯೆ 17’ ಎಂಬ ಮುದ್ರಣ ಕಾರ್ಯಾಗಾರ ಸೇರಿದರು. ಒಂದೇ ತಗಡಿನಿಂದ ಒಂದೇ ಸಲಕ್ಕೆ ಹಲವು ಬಣ್ಣ ಮುದ್ರಿಸುವ ವಿಧಾನವನ್ನು ಅಲ್ಲಿ ಬೆಳೆಸಿದವರಲ್ಲಿ ಅವರು ಪ್ರಮುಖರು. ಒಂದು ಮಸಿ ತೆಳು, ಇನ್ನೊಂದು ಗಟ್ಟಿ. ಒಂದು ರೋಲರ್ ಮೆತ್ತಗೆ, ಇನ್ನೊಂದು ಬಿರುಸು. ಮೆತ್ತನೆಯದು ತಗ್ಗಿಗೂ ಇಳಿಯುತ್ತದೆ, ಬಿರುಸಿನದು ದಿಬ್ಬವನ್ನಷ್ಟೇ ಮುಟ್ಟುತ್ತದೆ. ಹಲವು ಕಲಾವಿದರು ಒಂದೇ ಪ್ರೆಸ್ಸಿನ ಸುತ್ತ ನಿಂತು, ಒಬ್ಬರ ಪ್ರಯೋಗವನ್ನು ಇನ್ನೊಬ್ಬರು ನೋಡುತ್ತಾ ಕಂಡುಕೊಂಡ ವಿದ್ಯೆ ಇದು.

ಮಣ್ಣು ಮತ್ತು ಬೆಂಕಿ

ಶಿಲ್ಪಕಲಾ ವಿಭಾಗದಲ್ಲಿ ಮಣ್ಣಿನ ತೊಟ್ಟಿ, ನೀರಿನ ನಲ್ಲಿ, ತಿರುಗುವ ಪೀಠ, ಉಳಿ–ಸುತ್ತಿಗೆ, ವೆಲ್ಡಿಂಗ್ ಯಂತ್ರ ಇರುತ್ತವೆ. ಮಣ್ಣಿನಲ್ಲಿ ಮಾಡಿದ ಗೊಂಬೆಯನ್ನು ಸುಡಲು ಭಟ್ಟಿ ಬೇಕು. ಸರಿಯಾಗಿ ಒಣಗದ ಗೊಂಬೆಯನ್ನು ಅವಸರದಿಂದ ಒಳಗಿಟ್ಟರೆ ಅದರೊಳಗಿನ ನೀರು ಆವಿಯಾಗಿ ಗೊಂಬೆ ಸಿಡಿಯುತ್ತದೆ, ಪಕ್ಕದಲ್ಲಿರುವ ಗೆಳೆಯನ ಗೊಂಬೆಯನ್ನೂ ಒಡೆಯುತ್ತದೆ. ಲೋಹದ ಎರಕಕ್ಕಾದರೆ ಮೊದಲು ಮೇಣದ ಮೂರ್ತಿ ಮಾಡಿ, ಸುತ್ತ ಮಣ್ಣು ಮೆತ್ತಿ ಕಾಯಿಸುತ್ತಾರೆ. ಮೇಣ ಕರಗಿ ಹರಿದುಹೋದ ಖಾಲಿ ಜಾಗಕ್ಕೆ ಕಾದ ಲೋಹ ಸುರಿಯುತ್ತಾರೆ. ನಮ್ಮ ದೇವಸ್ಥಾನಗಳ ಉತ್ಸವಮೂರ್ತಿಗಳು ಹುಟ್ಟಿದ್ದೂ ಹೀಗೆಯೇ.

ಸುಮ್ಮನೆ ಕೂರುವವರು

ಒಂದು ಶಾಲೆಯಲ್ಲಿ ಮುಖ ಬರೆಯುವ ತರಗತಿ ನಡೆಯುತ್ತಿತ್ತು. ಅಂದು ಕೂರಬೇಕಾದವರು ಬಂದಿರಲಿಲ್ಲ. ಮೇಷ್ಟ್ರು ನನ್ನ ಮುಖವನ್ನು ಒಂದು ಕ್ಷಣ ದಿಟ್ಟಿಸಿ, ‘ಸ್ವಾಮಿ, ನೀವೇ ಸ್ವಲ್ಪ ಹೊತ್ತು ಕೂರುತ್ತೀರಾ?’ ಎಂದರು. ಕೂತೆ. ಇಪ್ಪತ್ತು ನಿಮಿಷ ಅಲ್ಲಾಡುವಂತಿಲ್ಲ, ಆಮೇಲೆ ಐದು ನಿಮಿಷ ಬಿಡುವು. ಮೂಗು ತುರಿಸುವುದು ಯಾವಾಗಲೂ ಮೊದಲ ಐದು ನಿಮಿಷದೊಳಗೇ. ಕೊನೆಗೆ ಎದ್ದು ಹನ್ನೆರಡು ಹಾಳೆಗಳಲ್ಲಿ ನನ್ನನ್ನು ನೋಡಿಕೊಂಡೆ. ಒಬ್ಬ ಹುಡುಗಿ ಮುಖ ಬಿಟ್ಟು ನನ್ನ ಕೈಗಳನ್ನು ಮಾತ್ರ ಬರೆದಿದ್ದಳು. ನೋಟು ಎಣಿಸಿ ಎಣಿಸಿ ತುದಿ ಸವೆದ ಹೆಬ್ಬೆರಳು ಅದರಲ್ಲಿತ್ತು. ನಾನು ಅವಳಿಗೆ ಬ್ಯಾಂಕಿನ ವಿಷಯ ಹೇಳಿರಲೇ ಇಲ್ಲ.

ಎದುರಿಗೆ ಒಬ್ಬ ಮನುಷ್ಯ ಕೂತಿರುವುದು, ಅವನನ್ನು ಹನ್ನೆರಡು ಮಂದಿ ಹನ್ನೆರಡು ಕಡೆಯಿಂದ ನೋಡುವುದು, ಆಮೇಲೆ ಹಾಳೆಗಳನ್ನು ಸಾಲಾಗಿಟ್ಟು ಮಾತಾಡುವುದು ಕಲಾಶಾಲೆಯ ದೊಡ್ಡ ಅನುಕೂಲ.

ಮೂಲಚಿತ್ರಗಳ ನೆರೆಹೊರೆ

ಬೆಂಗಳೂರಿನ ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತು 1960ರಲ್ಲಿ ಆರಂಭವಾಯಿತು. ಅದನ್ನು ಕಟ್ಟಿ ಬೆಳೆಸಿದವರಲ್ಲಿ ಎಂ.ಎಸ್. ನಂಜುಂಡರಾಯರು ಪ್ರಮುಖರು. ಅಲ್ಲಿ ತೊಗಲುಗೊಂಬೆಗಳು, ಮೈಸೂರು ಶೈಲಿಯ ಚಿತ್ರಗಳು, ರಷ್ಯಾದಿಂದ ಬಂದು ನಮ್ಮವರೇ ಆದ ಸ್ವೆತೊಸ್ಲಾವ್ ರೋರಿಕ್ ಹಾಗೂ ಅವರ ತಂದೆ ನಿಕೋಲಸ್ ರೋರಿಕ್ ಅವರ ಕೃತಿಗಳು ಇವೆ. ನಾನು ಮೇಲೆ ಹೇಳಿದ ಕೃಷ್ಣಾ ರೆಡ್ಡಿಯವರ ಮುದ್ರಣಗಳೂ ಇವೆ.

‘ಎಲ್ಲಾ ಮೊಬೈಲಿನಲ್ಲೇ ಸಿಗುತ್ತಲ್ಲ’ ಎಂದು ನೀವು ಕೇಳಬಹುದು. ಮೈಸೂರು ಶೈಲಿಯ ಚಿತ್ರವನ್ನು ಒಮ್ಮೆ ಪಕ್ಕದಿಂದ ನೋಡಿ. ಒಡವೆ, ಕಿರೀಟಗಳ ಜಾಗದಲ್ಲಿ ಗೆಸ್ಸೋ ಎಂಬ ಲೇಪವನ್ನು ತುಸುವೇ ಉಬ್ಬುವಂತೆ ಎಳೆದು ಅದರ ಮೇಲೆ ಚಿನ್ನದ ರೇಕು ಕೂರಿಸಿರುತ್ತಾರೆ. ಆ ಉಬ್ಬು ಪರದೆಯಲ್ಲಿ ಕಾಣದು. ತೊಗಲುಗೊಂಬೆಯ ಬಣ್ಣ ಹಿಂದಿನಿಂದ ಬೆಳಕು ಹಾಯಿಸಿದಾಗಲೇ ಬೆಳಗುವುದು.

ಮೈಸೂರಿನಲ್ಲಿ ‘ಕಾವಾ’ ಎಂದೇ ಹೆಸರಾದ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ಇದೆ. ಅದರ ಬೇರು ಅರಸರ ಕಾಲದ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿದೆ. ಅದೇ ಊರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮರ ಮೂಲ ಎಣ್ಣೆಬಣ್ಣದ ಚಿತ್ರಗಳಿವೆ. ಬೆಂಗಳೂರಿನ ಮಕ್ಕಳಿಗೆ ಅರಮನೆ ರಸ್ತೆಯಲ್ಲಿ 2009ರಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ. ಊರಿನ ಗ್ಯಾಲರಿಯನ್ನೂ ಶಾಲೆಯ ಒಂದು ಕೋಣೆ ಎಂದೇ ಎಣಿಸಿಕೊಳ್ಳಿ.

ವರದಿಯ ಕೊನೆಯ ಪುಟ

ನಾನು ನೋಡಿದ ಒಂದು ಶಾಲೆಯಲ್ಲಿ (ಹೆಸರು ಬೇಡ) ಒಳ್ಳೆಯ ಪ್ರೆಸ್ ಇತ್ತು. ಅದರ ಮೇಲೆ ಇಸ್ತ್ರಿ ಮಾಡಿದ ಬಟ್ಟೆ, ಬಾಗಿಲಿಗೆ ಬೀಗ. ‘ಕೈ ಯಾರ ಹತ್ತಿರ?’ ಎಂದು ಕೇಳಿದೆ. ಅವರು ರಜೆಯಲ್ಲಿದ್ದರು. ತಪಾಸಣೆಗೆ ಯಾರಾದರೂ ಬಂದಾಗ ತೆರೆಯುತ್ತಾರೆ ಎಂದು ಹುಡುಗನೊಬ್ಬ ಮೆಲ್ಲಗೆ ಹೇಳಿದ. ಇನ್ನೊಂದು ಶಾಲೆಯ ಪ್ರೆಸ್ಸು ಶೀಟಿನ ಮಾಡಿನ ಕೆಳಗಿತ್ತು. ಹಿಡಿಕೆ ಸವೆದು ಹೊಳೆಯುತ್ತಿತ್ತು. ಗೋಡೆಯ ಮೇಲೆ ಯಾರ ಸರದಿ ಎಷ್ಟು ಗಂಟೆಗೆ ಎಂಬ ಪಟ್ಟಿ, ಅದರ ತುಂಬಾ ಮಸಿಯ ಬೆರಳಚ್ಚು. ಗ್ರಂಥಾಲಯದಲ್ಲಿ ದೊಡ್ಡ ದೊಡ್ಡ ಚಿತ್ರಸಂಪುಟಗಳು ಗಾಜಿನ ಬೀರುವಿನಲ್ಲಿರದೆ ಮೇಜಿನ ಮೇಲೆ ಬಿಚ್ಚಿಕೊಂಡಿದ್ದವು.

ಮನೆಗೆ ಬಂದು ಎರಡನ್ನೂ ಹಾಗೆಯೇ ವರದಿ ಒಪ್ಪಿಸಿದೆ. ಮಗ ಕಟ್ಟಡದ ಫೋಟೋ ನೋಡಿ ಮೊದಲನೆಯದೇ ಚೆನ್ನಾಗಿದೆಯಲ್ಲ ಎಂದ. ಮೊಮ್ಮಗಳು, ‘ತಾತ, ಆ ಪಟ್ಟಿಯಲ್ಲಿ ಮೊದಲ ವರ್ಷದವರ ಹೆಸರೂ ಇತ್ತಾ?’ ಎಂದು ಕೇಳಿದಳು. ಇತ್ತು. ಅವಳೀಗ ಅಲ್ಲೇ ಎರಡನೇ ವರ್ಷದಲ್ಲಿದ್ದಾಳೆ. ಉಗುರಿನ ಮಸಿ ಹಬ್ಬದ ದಿನವೂ ಹೋಗುವುದಿಲ್ಲ ಎಂದು ಸೊಸೆಯ ದೂರು.

ಮಕ್ಕಳನ್ನು ಕಲಾಶಾಲೆಗೆ ಸೇರಿಸುವವರು ಇಷ್ಟು ಕೇಳಿ: ಕಾರ್ಯಾಗಾರ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ? ಒಂದು ಪ್ರೆಸ್ಸಿಗೆ ಎಷ್ಟು ಮಕ್ಕಳು? ಭಟ್ಟಿ ಕೊನೆಯ ಬಾರಿ ಉರಿದದ್ದು ಯಾವಾಗ? ಯಂತ್ರ ಕಲಿಸುವವರು ಇದ್ದಾರೆಯೇ? ಬಣ್ಣ, ಕಾಗದ, ತಗಡಿನ ಖರ್ಚು ಯಾರದು? ಹಾಸ್ಟೆಲ್, ವಿದ್ಯಾರ್ಥಿವೇತನ ಉಂಟೇ? ಸಂಕೋಚ ಬೇಡ. ತಲೆ ನೆರೆತವರು ಕೇಳಿದರೆ ಉತ್ತರ ಬೇಗ ಬರುತ್ತದೆ.

ಸೇರುವವರಿಲ್ಲದ ಮನೆಯವರೂ ಒಮ್ಮೆ ನೋಡಬಹುದು. ಪರಿಷತ್ತು ನಡೆಸುತ್ತಿರುವ ಚಿತ್ರಸಂತೆಗೆ ಜನವರಿಯಲ್ಲಿ ಮೊಮ್ಮಕ್ಕಳ ಕೈ ಹಿಡಿದು ಹೋಗಿ. ರಸ್ತೆಯ ಎರಡೂ ಬದಿಗೆ ಚಿತ್ರ ಹರಡಿಕೊಂಡು ಕೂತವರಲ್ಲಿ ಕಲಾಶಾಲೆಯ ಹುಡುಗ ಹುಡುಗಿಯರೂ ಇರುತ್ತಾರೆ. ಬೆಲೆ ಕೇಳುವ ಮೊದಲು, ‘ಇದನ್ನು ಹೇಗೆ ಮಾಡಿದೆ ಮಗು?’ ಎಂದು ಕೇಳಿ ನೋಡಿ. ಕಲ್ಲಿನ ಮೇಲೋ, ತಗಡಿನ ಮೇಲೋ, ಯಾವ ಪ್ರೆಸ್ಸಿನಲ್ಲಿ, ಎಷ್ಟನೇ ಪ್ರಯತ್ನಕ್ಕೆ ಸರಿಬಂತು ಎಂದೆಲ್ಲಾ ಹೇಳುತ್ತಾರೆ. ಸ್ವಲ್ಪ ಬಿಡುವು ಮಾಡಿಕೊಂಡೇ ಹೋಗಿ. ಅವರ ಉತ್ತರ ಉದ್ದವಾಗಿರುತ್ತದೆ.