ದಿನಕ್ಕೊಂದು ಗ್ಲಾಸ್ ವೈನ್ ಹೃದಯಕ್ಕೆ ಒಳ್ಳೆಯದೇ?

"ವೈನ್ ಮದ್ಯವಲ್ಲ, ಬರೀ ದ್ರಾಕ್ಷಿ ರಸ. ದಿನಕ್ಕೊಂದು ಗ್ಲಾಸ್ ಕುಡಿದರೆ ಹಾರ್ಟ್ ಅಟ್ಯಾಕ್ ಹತ್ತಿರವೂ ಸುಳಿಯುವುದಿಲ್ಲ." ಇಂಥ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪ್‌ಗೂ ಬಂದಿರಬಹುದು. ಫಾರ್ವರ್ಡ್ ಮಾಡುವ ಮೊದಲು ವೈನ್ ಹೇಗೆ ತಯಾರಾಗುತ್ತದೆ ನೋಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ರಸ ವೈನ್ ಆಗುವುದು ಹೇಗೆ?

ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಗ್ಗೆ ಉಬ್ಬಿರುತ್ತದಲ್ಲವೇ? ವೈನ್‌ನಲ್ಲಿ ನಡೆಯುವುದೂ ಹುದುಗುವಿಕೆಯೇ. ಇಲ್ಲಿನ ಕೆಲಸಗಾರ ಯೀಸ್ಟ್ ಎಂಬ ಸೂಕ್ಷ್ಮಜೀವಿ. ಜಜ್ಜಿದ ದ್ರಾಕ್ಷಿಯ ಸಕ್ಕರೆಯನ್ನು ತಿಂದು ಅದು ಮದ್ಯಸಾರ (ಎಥನಾಲ್) ಮತ್ತು ಇಂಗಾಲದ ಡೈಆಕ್ಸೈಡ್ ಬಿಡುಗಡೆ ಮಾಡುತ್ತದೆ. ಹುದುಗುವಿಕೆ ಜೀವಿಗಳ ಕೆಲಸ ಎಂದು 19ನೇ ಶತಮಾನದಲ್ಲಿ ತೋರಿಸಿಕೊಟ್ಟವರು ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಶ್ಚರ್.

ಕಪ್ಪು ದ್ರಾಕ್ಷಿಯನ್ನು ಸಿಪ್ಪೆಸಮೇತ ಹುದುಗಿಸಿದರೆ ಕೆಂಪು ವೈನ್. ಸಿಪ್ಪೆ ಬೇರ್ಪಡಿಸಿ ರಸವನ್ನಷ್ಟೇ ಹುದುಗಿಸಿದರೆ ಬಿಳಿ ವೈನ್. ಆಮೇಲೆ ಸೋಸಿ, ಟ್ಯಾಂಕ್ ಅಥವಾ ಮರದ ಪೀಪಾಯಿಯಲ್ಲಿ ತಿಳಿಯಾಗಲು ಬಿಟ್ಟು ಬಾಟಲಿಗೆ ತುಂಬುತ್ತಾರೆ.

ಕ್ರಿಸ್‌ಮಸ್‌ಗೆಂದು ಮನೆಯಲ್ಲೇ ವೈನ್ ಮಾಡುವವರಿಗೆ ಒಂದು ಎಚ್ಚರಿಕೆ: ಹುದುಗುತ್ತಿರುವ ಜಾಡಿಯ ಮುಚ್ಚಳ ಬಿಗಿಯಾಗಿ ಮುಚ್ಚಬೇಡಿ. ಒಳಗಿನ ಅನಿಲದ ಒತ್ತಡಕ್ಕೆ ಗಾಜು ಸಿಡಿಯಬಹುದು.

ಹಾಗಾದರೆ ಮದ್ಯ ಎಷ್ಟಿರುತ್ತದೆ?

ಸಾಮಾನ್ಯ ವೈನ್‌ನಲ್ಲಿ ಶೇ. 12ರಿಂದ 14ರಷ್ಟು ಮದ್ಯಸಾರ ಇರುತ್ತದೆ. ಲೆಕ್ಕ ಹಾಕಿ: ಶೇ. 12ರ ವೈನ್ 150 ಮಿ.ಲೀ. ಕುಡಿದರೆ ಹೊಟ್ಟೆಗೆ ಹೋಗುವ ಶುದ್ಧ ಮದ್ಯಸಾರ 18 ಮಿ.ಲೀ. ಶೇ. 42.8ರ ವಿಸ್ಕಿಯ 30 ಮಿ.ಲೀ. ಪೆಗ್‌ನಲ್ಲಿರುವುದು ಸುಮಾರು 13 ಮಿ.ಲೀ. ಅಂದರೆ "ಬರೀ ರಸ" ಎನ್ನುವ ಒಂದು ಗ್ಲಾಸ್, ಸಣ್ಣ ಪೆಗ್ ವಿಸ್ಕಿಯನ್ನೇ ಮೀರಿಸುತ್ತದೆ!

ಹೃದಯದ ಕಥೆ ಎಲ್ಲಿಂದ ಬಂತು?

ಬೆಣ್ಣೆ, ಚೀಸ್ ಧಾರಾಳವಾಗಿ ತಿನ್ನುವ ಫ್ರೆಂಚರಲ್ಲಿ ಹೃದ್ರೋಗ ಕಡಿಮೆ, ಅದಕ್ಕೆ ಕೆಂಪು ವೈನ್ ಕಾರಣವಿರಬಹುದು ಎಂಬ ಮಾತು 1991ರಲ್ಲಿ ಅಮೆರಿಕದ '60 ಮಿನಿಟ್ಸ್' ಟಿವಿ ಕಾರ್ಯಕ್ರಮದಿಂದ ಮನೆಮಾತಾಯಿತು. ದ್ರಾಕ್ಷಿ ಸಿಪ್ಪೆಯ ರೆಸ್ವೆರಾಟ್ರಾಲ್ ಎಂಬ ಅಂಶಕ್ಕೂ ಹೆಸರು ಬಂತು. ಆದರೆ ಒಂದು ಲೀಟರ್ ಕೆಂಪು ವೈನ್‌ನಲ್ಲಿ ಅದು ಇರುವುದು ಕೆಲವೇ ಮಿಲಿಗ್ರಾಂ. ಪ್ರಯೋಗಗಳಲ್ಲಿ ಕೊಡುವ ನೂರಾರು ಮಿಲಿಗ್ರಾಂ ಪಡೆಯಲು ಹತ್ತಾರು ಲೀಟರ್ ಕುಡಿಯಬೇಕು.

ಹಳೆಯ ಅಧ್ಯಯನಗಳಲ್ಲೂ ಒಂದು ತೊಡಕಿತ್ತು. ಕಾಯಿಲೆ ಬಂದು ಕುಡಿತ ಬಿಟ್ಟವರನ್ನೂ ಹಲವು ಕಡೆ "ಕುಡಿಯದವರು" ಎಂದೇ ಎಣಿಸಲಾಗಿತ್ತು. ಹಾಗಾಗಿ ಮಿತವಾಗಿ ಕುಡಿಯುವವರು ಹೆಚ್ಚು ಆರೋಗ್ಯವಂತರಂತೆ ಕಂಡರು.

ಈಗ ವಿಜ್ಞಾನ ಏನು ಹೇಳುತ್ತದೆ?

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲೇ ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಮದ್ಯಕ್ಕೆ ಸುರಕ್ಷಿತ ಪ್ರಮಾಣ ಎಂಬುದಿಲ್ಲ ಎಂದು 2023ರಲ್ಲಿ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ವೈನ್‌ಗೆ ವಿನಾಯಿತಿ ಇಲ್ಲ.

ನೆನಪಿಡಿ: ಬಿಪಿ, ಹೃದಯದ ಮಾತ್ರೆ ಬಿಟ್ಟು ವೈನ್ ಹಿಡಿಯಬೇಡಿ. ಇನ್ಸುಲಿನ್ ತೆಗೆದುಕೊಳ್ಳುವವರು ಕುಡಿದರೆ ಸಕ್ಕರೆ ಅಂಶ ಅಪಾಯಕಾರಿಯಾಗಿ ಕುಸಿಯಬಹುದು. ಗರ್ಭಿಣಿಯರು ಮುಟ್ಟಲೇಬಾರದು.

ವೈನ್ ರುಚಿಗಾಗಿ ಕುಡಿಯುವ ಪಾನೀಯ, ಔಷಧಿಯಲ್ಲ. ಆ ಸಂದೇಶ ಮತ್ತೆ ಬಂದರೆ, ಪೆಗ್ಗಿನ ಲೆಕ್ಕವನ್ನೇ ಉತ್ತರವಾಗಿ ಕಳಿಸಿ.