ಪುಟ ತೆರೆಯುತ್ತದೆ, ತಾನಾಗಿ ಬದಲಾಗುವುದಿಲ್ಲ: ಸುರಕ್ಷಿತ ವೆಬ್‌ಸಾಕೆಟ್ ತೊಂದರೆ ಹುಡುಕುವ ಕ್ರಮ



ಎಮ್ಮಿಗನೂರು, ಆದೋನಿ, ಮಂತ್ರಾಲಯದಂಥ ಊರುಗಳಲ್ಲಿ ಮನೆಯಲ್ಲೇ ಕುಳಿತು ವೆಬ್ ಕೆಲಸ ಕಲಿಯುವವರಿಗೆ ಪಕ್ಕದಲ್ಲಿ ಕೇಳಲು ಹಿರಿಯರು ಸಿಗುವುದು ಕಷ್ಟ. ದೋಷದ ಸೂಚನೆಯೂ ಇಂಗ್ಲಿಷಿನಲ್ಲೇ ಬರುತ್ತದೆ. ಆದ್ದರಿಂದ ಅರ್ಧ ದಿನ ನುಂಗಿಹಾಕುವ ಒಂದು ತೊಂದರೆಯನ್ನು ಇಲ್ಲಿ ಕನ್ನಡದಲ್ಲಿ ವಿವರಿಸುತ್ತಿದ್ದೇವೆ.

ವೀಟ್, ವೆಬ್‌ಪ್ಯಾಕ್ ಮುಂತಾದ ಸಾಧನಗಳಲ್ಲಿ ಒಂದು ಒತ್ತಕ್ಷರ ತಿದ್ದಿ ಉಳಿಸಿದರೂ ಬ್ರೌಸರ್‌ನ ಪುಟ ತಾನಾಗಿ ಬದಲಾಗುತ್ತದೆ. ಇದು ವೆಬ್‌ಸಾಕೆಟ್‌ನ ಕೆಲಸ. ಸಾಮಾನ್ಯವಾಗಿ ಬ್ರೌಸರ್ ಕೇಳಿದಾಗ ಮಾತ್ರ ಸರ್ವರ್ ಉತ್ತರ ಕೊಡುತ್ತದೆ. ವೆಬ್‌ಸಾಕೆಟ್‌ನಲ್ಲಿ ಫೋನ್ ಕರೆಯಂತೆ ಸಂಪರ್ಕ ತೆರೆದೇ ಇರುತ್ತದೆ. 2011ರ ಡಿಸೆಂಬರ್‌ನಲ್ಲಿ ಇದರ ನಿಯಮಾವಳಿ ಆರ್‌ಎಫ್‌ಸಿ 6455 ಎಂದು ಪ್ರಕಟವಾಯಿತು. 'ಡಬ್ಲ್ಯುಎಸ್' ಎಂದರೆ ಬಯಲು ಸಂಪರ್ಕ, ಪೋರ್ಟ್ 80. 'ಡಬ್ಲ್ಯುಎಸ್‌ಎಸ್' ಎಂದರೆ ಸುರಕ್ಷಿತ ಸಂಪರ್ಕ, ಪೋರ್ಟ್ 443.

ಪುಟ ತೆರೆದೂ ತಾನಾಗಿ ಬದಲಾಗದಿದ್ದರೆ ಬ್ರೌಸರ್‌ನ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕ್ ವಿಭಾಗ ನೋಡಿ. ವೆಬ್‌ಸಾಕೆಟ್ ಸಾಲಿನಲ್ಲಿ 101 ಇದ್ದರೆ ಸಂಪರ್ಕ ಆಗಿದೆ. ಇಲ್ಲದಿದ್ದರೆ ಈ ಕ್ರಮದಲ್ಲಿ ಹುಡುಕಿ.

1. ವಿಳಾಸ. ಪುಟ ಎಚ್‌ಟಿಟಿಪಿಎಸ್‌ನಲ್ಲಿದ್ದು ಸಾಕೆಟ್ ವಿಳಾಸ 'ಡಬ್ಲ್ಯುಎಸ್' ಎಂದಿದ್ದರೆ ಬ್ರೌಸರ್ ತಡೆಯುತ್ತದೆ. 'ಡಬ್ಲ್ಯುಎಸ್‌ಎಸ್' ಮಾಡಿ. ಪೋರ್ಟ್ ಸಂಖ್ಯೆಯನ್ನೂ ನೋಡಿ: ವೀಟ್ ಒಳಗೆ 5173ರಲ್ಲಿ ಓಡುತ್ತದೆ. ಹೊರಗಿನ ವಿಳಾಸ 443ರಲ್ಲಿದ್ದರೆ ಎಚ್‌ಎಮ್‌ಆರ್ ಸೆಟ್ಟಿಂಗ್‌ನ 'ಕ್ಲೈಂಟ್‌ಪೋರ್ಟ್'ಗೆ 443 ಕೊಡಬೇಕಾಗಬಹುದು.

2. ಪ್ರಮಾಣಪತ್ರ. ನಾವೇ ಸಹಿ ಹಾಕಿಕೊಂಡ ಪ್ರಮಾಣಪತ್ರವಿದ್ದರೆ ಪುಟ ತೆರೆಯುವಾಗ ಬ್ರೌಸರ್ ಎಚ್ಚರಿಸುತ್ತದೆ, ನಾವು ಮುಂದುವರಿಯಬಹುದು. ಸಾಕೆಟ್‌ಗೆ ಅಂಥ ಎಚ್ಚರಿಕೆಯ ಪುಟವೇ ಬರುವುದಿಲ್ಲ. ಸಂಪರ್ಕ ಸದ್ದಿಲ್ಲದೆ ಮುರಿದು, 1006 ಎಂಬ ಸಂಖ್ಯೆಯಷ್ಟೇ ಉಳಿಯುತ್ತದೆ. 'ಎಮ್‌ಕೆಸರ್ಟ್' ಎಂಬ ಉಚಿತ ಸಾಧನದಿಂದ ನಮ್ಮ ಕಂಪ್ಯೂಟರ್ ನಂಬುವ ಪ್ರಮಾಣಪತ್ರ ಮಾಡಿಕೊಳ್ಳಬಹುದು. ಫೋನಿನಲ್ಲಿ ಪರೀಕ್ಷಿಸುವುದಾದರೆ ಕಂಪ್ಯೂಟರಿನ ಐಪಿ ವಿಳಾಸ ಆ ಪ್ರಮಾಣಪತ್ರದಲ್ಲಿರಬೇಕು, ಅದರ ಮೂಲ ಪ್ರಮಾಣಪತ್ರವನ್ನು ಫೋನಿಗೂ ಹಾಕಬೇಕು. ಅದರ ಗುಪ್ತ ಕೀಲಿಯನ್ನು ಮಾತ್ರ ಯಾರಿಗೂ ಕಳುಹಿಸಬೇಡಿ.

3. ಮಧ್ಯವರ್ತಿ. ನಡುವೆ ಎಂಜಿನ್‌ಎಕ್ಸ್‌ನಂಥ ಪ್ರಾಕ್ಸಿ ಇದ್ದರೆ ಅದು ಎಚ್‌ಟಿಟಿಪಿ 1.1 ಬಳಸಿ, 'ಅಪ್‌ಗ್ರೇಡ್' ಮತ್ತು 'ಕನೆಕ್ಷನ್' ಹೆಡರ್‌ಗಳನ್ನು ಸರ್ವರ್‌ಗೆ ದಾಟಿಸಬೇಕು. ಇಲ್ಲದಿದ್ದರೆ 101ರ ಬದಲು 400ರಂಥ ಬೇರೆ ಸಂಖ್ಯೆ ಬರುತ್ತದೆ. ಸಂಪರ್ಕವಾಗಿ, ಏನೂ ಸಂದೇಶ ಹೋಗದೆ ಒಂದು ನಿಮಿಷಕ್ಕೆ ಕಡಿದುಹೋದರೆ ಎಂಜಿನ್‌ಎಕ್ಸ್‌ನ ಓದುವ ಕಾಲಮಿತಿ ನೋಡಿ. ಮೊದಲೇ ಇರುವ ಮಿತಿ 60 ಸೆಕೆಂಡ್.

ಬೇಸರವಾಗಿ ಪ್ರಮಾಣಪತ್ರದ ತಪಾಸಣೆಯನ್ನೇ ಆಫ್ ಮಾಡಿಬಿಡುವ ಆಸೆ ಬರುವುದು ಸಹಜ. ಹಾಗೆ ಮಾಡಬೇಡಿ. ಇಂದು ಮನೆಯಲ್ಲಿ ಆಫ್ ಮಾಡಿದ ಸೆಟ್ಟಿಂಗ್ ನಾಳೆ ಗಿರಾಕಿಯ ಜಾಲತಾಣಕ್ಕೂ ಹೋಗಿಬಿಡುತ್ತದೆ. ಅಲ್ಲಿ ಯಾರೋ ತಮ್ಮ ಫೋನ್ ಸಂಖ್ಯೆ, ಪಾಸ್‌ವರ್ಡ್ ನಂಬಿ ಬರೆಯುತ್ತಾರೆ.

ಇಷ್ಟಾದರೂ ಬಿಡಿಸಲಾಗದಿದ್ದರೆ ಸಾಕೆಟ್ ವಿಳಾಸ, ಬಂದ ಸಂಖ್ಯೆ, ಕನ್ಸೋಲ್‌ನ ಸಾಲು, ಈ ಮೂರನ್ನು ನಮಗೆ ಬರೆದು ಕಳುಹಿಸಿ. ಟೋಕನ್, ಪಾಸ್‌ವರ್ಡ್ ಇದ್ದರೆ ಮೊದಲು ತೆಗೆಯಿರಿ. ಕನ್ನಡದಲ್ಲೇ ಕೇಳಿ, ಕನ್ನಡದಲ್ಲೇ ಉತ್ತರಿಸುತ್ತೇವೆ.