ಕಾಡುಬೆಕ್ಕಿನ ನೆರೆಹೊರೆ

ಮಕ್ಕಳ ಚಿತ್ರಕಥೆಗಳ ಬೆಕ್ಕು ಕುತೂಹಲದ ಪ್ರಾಣಿ; ಇಲಿ, ನಾಯಿ, ಹಕ್ಕಿಗಳೆಲ್ಲ ಅದರ ಗೆಳೆಯರು. ಕಾಡುಬೆಕ್ಕು ಇಂತಹ ಗೆಳೆತನವನ್ನು ಅರಿಯದು. ಆದರೆ ನೆರೆಹೊರೆಯಿಲ್ಲದೆ ಅದು ಬದುಕಲಾರದು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ಸುತ್ತಲಿನಂತಹ ಕುರುಚಲು ಬಯಲು, ಹೊಲದ ಬದು, ಕೆರೆಯಂಗಳದ ಜೊಂಡು ಅದಕ್ಕೆ ಒಪ್ಪುವ ನೆಲೆಗಳು. ಮನೆಯ ಬೆಕ್ಕಿಗಿಂತ ಅದರ ಕಾಲು ಉದ್ದ, ಬಾಲ ಮೋಟು. ಕಿವಿಯ ತುದಿಯಲ್ಲಿ ಕಪ್ಪು ಕೂದಲಿನ ಕುಚ್ಚು. ಹುಲ್ಲಿನ ಮರೆಯಲ್ಲಿ ಅಡಗಿ ಕುಳಿತು, ಇಲಿಯ ಸಪ್ಪಳವನ್ನು ಆಲಿಸಿ, ಒಮ್ಮೆಲೇ ನೆಗೆಯುತ್ತದೆ. ಇಲಿಗಳು ಪೈರಿಗೆ ಮಾಡುವ ಹಾನಿಯನ್ನು ಕಂಡವರು ಇದರ ಉಪಕಾರವನ್ನು ಬಲ್ಲರು. ಕೋಳಿಗೂಡಿಗೆ ನುಗ್ಗುವ ದುರಭ್ಯಾಸವೂ ಇದಕ್ಕುಂಟೆಂಬುದನ್ನು ಮರೆಮಾಚಬೇಕಿಲ್ಲ.

ರಾಣೆಬೆನ್ನೂರಿನ ಬಳಿ 119 ಚದರ ಕಿಲೋಮೀಟರು ವಿಸ್ತಾರದ ಕೃಷ್ಣಮೃಗ ಅಭಯಾರಣ್ಯವು 1974ರಲ್ಲಿ ಸ್ಥಾಪನೆಯಾಯಿತು. ತೋಳ, ನರಿ, ಮೊಲ, ಮುಂಗುಸಿಗಳೂ ಅಲ್ಲಿನ ನಿವಾಸಿಗಳು. ನೆಲದ ಮೇಲೆಯೇ ಮೊಟ್ಟೆಯಿಡುವ ಎರ್ಲಡ್ಡು ಎಂಬ ದೊಡ್ಡ ಹಕ್ಕಿಯೂ ಹಿಂದೆ ಅಲ್ಲಿತ್ತು. ಬಯಲನ್ನು ಬರಡೆಂದು ಬಗೆದು ನೀಲಗಿರಿ ಗಿಡಗಳನ್ನು ನೆಟ್ಟರು. ಮರಗಳು ಒತ್ತಾಗಿ ಬೆಳೆದಲ್ಲಿ ಹುಲ್ಲು ಕ್ಷೀಣಿಸುತ್ತದೆ. ಹುಲ್ಲು ಹೋದರೆ ಕೃಷ್ಣಮೃಗಕ್ಕೆ ಮೇವಿಲ್ಲ. ಅದು ರೈತನ ಪೈರಿಗೆ ಇಳಿಯುತ್ತದೆ. ಎರ್ಲಡ್ಡುವಿಗೆ ಮೊಟ್ಟೆಯಿಡಲು ತೆರೆದ ನೆಲವಿಲ್ಲ. ಬೆಕ್ಕಿಗೆ ಅಡಗಲು ಮರೆಯಿಲ್ಲ. ಎರ್ಲಡ್ಡು ಅಲ್ಲಿಂದ ಕಣ್ಮರೆಯಾಯಿತು. ಬೆಕ್ಕಿಗೆ ಇನ್ನು ಆಸರೆ ಹೊಲದ ಬದುಗಳ ಹುಲ್ಲು; ಬೇಸಗೆಯಲ್ಲಿ ಅದಕ್ಕೂ ಬೆಂಕಿ ಬೀಳುವುದುಂಟು.